‘ಆಯ್ತು’ ಎಂಬ ಮಾತನ್ನು ನಂಬಿದ ಜೀವಕೋಶ

ಗದಗ, ಎರಡು ಸಾವಿರದ ಮುನ್ನೂರ ತೊಂಬತ್ತೊಂದು, ಹದಿಮೂರನೆಯ ತಿಂಗಳ ಮೊದಲ ದಿನ.

ಹಿಂದಿನವರಾದ ನಿಮಗೆ ರಾಚಪ್ಪನ ಶರಣು. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳಿಂದ ಕಲಿತ ಭಾಷೆ ಇದು, ಅಲ್ಲಲ್ಲಿ ಹಳೆಯ ಅಂಗಿಯಂತೆ ಬಿಗಿಯುತ್ತದೆ. ಹದಿಮೂರನೆಯ ತಿಂಗಳು ಹೇಗೆ ಬಂತೆಂದು ವಿವರಿಸುತ್ತಾ ಕೂತರೆ ಹೇಳಬೇಕಾದ್ದೇ ಉಳಿದುಬಿಡುತ್ತದೆ.

ನನ್ನ ತಂಗಿ ನೀಲಗಂಗಾಳ ಮೇದೋಜೀರಕ ಚಿಕ್ಕಂದಿನಲ್ಲೇ ಇನ್ಸುಲಿನ್ ಕೊಡುವುದನ್ನು ನಿಲ್ಲಿಸಿತು. ನಿಮ್ಮಲ್ಲಿ ಇಂಥವರು ಸೂಜಿ ಚುಚ್ಚಿಕೊಳ್ಳುತ್ತಿದ್ದರಂತೆ. ನಮ್ಮಲ್ಲಿ ಮುಂಗೈ ಚರ್ಮದಡಿ ‘ಸಿಹಿಗಾವಲು’ ನೆಡುತ್ತಾರೆ, ಅಂದರೆ ಇನ್ಸುಲಿನ್ ಮಾಡುವ ಜೀವಕೋಶಗಳ ಪುಟ್ಟ ಸಸಿಮಡಿ. ಆ ಕೋಶ ಬಲು ಅನುಮಾನದ ಪ್ರಾಣಿ. ಊಟ ಬರುತ್ತಿದೆಯೆಂದು ಕರುಳು ಮುಂಚಿತವಾಗಿ ಸುದ್ದಿ ಕಳಿಸಿ ಹುರಿದುಂಬಿಸಿದರೂ, ರಕ್ತದ ಸಕ್ಕರೆ ತನ್ನೊಳಗೇ ಬಂದು ಉರಿದು ಶಕ್ತಿಯಾಗುವ ತನಕ ಅದು ಪೂರ್ತಿ ನಂಬುವುದಿಲ್ಲ. ಶಕ್ತಿ ಏರಿದಾಗ ಪೊಟ್ಯಾಸಿಯಂ ಹೊರಹೋಗುವ ಬಾಗಿಲು ಮುಚ್ಚುತ್ತದೆ, ಪೊರೆಯ ವಿದ್ಯುತ್ತು ಬದಲಾಗಿ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ಒಳನುಗ್ಗಿದ ಮೇಲೆಯೇ ಇನ್ಸುಲಿನ್ ತುಂಬಿದ ಚೀಲಗಳು ರಕ್ತಕ್ಕೆ ಸುರಿಯುತ್ತವೆ.

ಈ ಕೋಶಗಳನ್ನು ನೆಡುವ ನಮ್ಮ ಕಸಿಮನೆಯ ಪಂಡಿತರಿಗೆ ಇಷ್ಟು ಕಾಯುವ ತಾಳ್ಮೆ ಇರಲಿಲ್ಲ. ನೆಟ್ಟ ಕೋಶ ತಡಮಾಡುತ್ತದೆ ಎಂದು ಅದಕ್ಕೊಂದು ‘ಕಿವಿಮಣಿ’ ಜೋಡಿಸಿದರು. ಊಟವಾಯಿತೆಂದು ತೊಟ್ಟವರು ಬಾಯಿಬಿಟ್ಟು ಹೇಳಿದರೆ ಸಾಕು, ಮಣಿ ಕ್ಯಾಲ್ಸಿಯಂ ಬಾಗಿಲನ್ನು ನೇರವಾಗಿ ತೆರೆಯುತ್ತದೆ. ಪಂಡಿತರು ಪರದೇಶದವರಾಗಿದ್ದರೆ ಕ್ಷಮಿಸಬಹುದಿತ್ತು. ಇದೇ ಊರಿನವರು, ನೆಂಟರ ಮನೆಯಲ್ಲಿ ಹಸಿದ ಹೊಟ್ಟೆಯಲ್ಲೇ ‘ಆಯ್ತು’ ಅಂದು ಬೆಳೆದವರು. ಓದಿ ಓದಿ ಮರುಳಾದ ಕೂಚಂಭಟ್ಟ ಎಂಬ ಗಾದೆ ನಿಮ್ಮಲ್ಲೂ ಇತ್ತಲ್ಲ.

ಮಣಿ ಬಂದ ಹೊಸತರಲ್ಲಿ ನೀಲಗಂಗಾ ಗಾಳಿಗಿರಣಿಯ ಪಾಳಿ ಮುಗಿಸಿ, ಉಣ್ಣದೆಯೇ ಪಕ್ಕದ ಮನೆಯ ದಾನಮ್ಮನನ್ನು ಮಾತಾಡಿಸಲು ಹೋದಳು.

“ಊಟ ಆತೇನ, ನೀಲಾ?” ಎಂದಳು ದಾನಮ್ಮ.

ದಾನಮ್ಮನ ಬುಟ್ಟಿಯಲ್ಲಿ ಎರಡೇ ರೊಟ್ಟಿ ಕಂಡವು. “ಈಗಷ್ಟ ಊಟ ಆತ್ರೀ” ಎಂದಳು ತಂಗಿ.

ಮಣಿ ಕೇಳಿಸಿಕೊಂಡಿತು, ಕೋಶಗಳು ಚೀಲ ಬಿಚ್ಚಿದವು. ರಕ್ತದಲ್ಲಿ ಇದ್ದಷ್ಟು ಸಕ್ಕರೆಯೂ ಬತ್ತಿತು. ಬೆವರಿ ಹೊಸ್ತಿಲಲ್ಲೇ ಕುಸಿದಳು. ಎಚ್ಚರ ತಪ್ಪುವ ಮೊದಲು ದಾನಮ್ಮ ಬೆಲ್ಲದ ನೀರು ಕುಡಿಸಿದ್ದರಿಂದ ಉಳಿದಳು.

ಆಮೇಲೆ ಊರಸಭೆ ಮಣಿಯನ್ನು ಬಿಟ್ಟು ಪ್ರಶ್ನೆಯನ್ನೇ ನಿಷೇಧಿಸಿತು. ಈಗ ಇಲ್ಲಿ ಯಾರೂ ಯಾರನ್ನೂ ಊಟವಾಯಿತೇ ಎಂದು ಕೇಳುವುದಿಲ್ಲ. ದಾನಮ್ಮ ನನ್ನ ತಂಗಿಯನ್ನು ಕಂಡರೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಹೋಗುತ್ತಾಳೆ. “ಒಬ್ರೂ ಕೇಳದ ಊರಾಗ ಹೆಂಗ ಇರ್ಲಿ ಅಣ್ಣಾ?” ಎಂದು ನೀಲಗಂಗಾ ಮಣಿ ತೆಗೆಸಲು ಹಟ ಹಿಡಿದಿದ್ದಾಳೆ. ಅದರ ಬೇರು ಕೋಶಗಳೊಳಗೆ ಹೆಣೆದುಕೊಂಡಿದೆ. ಕಿತ್ತರೆ ಸಿಹಿಗಾವಲೇ ಸಾಯಬಹುದು, ಮತ್ತೆ ನೆಟ್ಟರೆ ಅವಳ ಮೈ ಒಪ್ಪುವುದಿಲ್ಲವಂತೆ. ಸೂಜಿಯ ಇನ್ಸುಲಿನ್ ಮಾಡುವುದನ್ನು ನಮ್ಮವರು ಎಂದೋ ಮರೆತರು. ನಾಳೆ ಮುಂಗೈ ಕೊಯ್ದು ಮಣಿ ತೆಗೆಯುತ್ತಾರೆ. ನನಗೆ ಭಯವಾಗಿದೆ.

ಕೋಶಗಳ ಸನ್ನೆಗಳನ್ನು ಮೊದಲು ಬಿಡಿಸಿ ಓದುತ್ತಿರುವವರು ನೀವು. ಕೋಶಕ್ಕೆ ಮೈಯ ಮಾತು ಸಾಕು, ಬಾಯಿಯ ಮಾತು ಬೇಡ ಎಂದು ಎಲ್ಲಾದರೂ ಗಟ್ಟಿಯಾಗಿ ಬರೆದಿಡಿ. ನಮ್ಮ ಪಂಡಿತರು ನಿಮ್ಮ ಪುಸ್ತಕಕ್ಕೆ ಮಾತ್ರ ತಲೆಬಾಗುತ್ತಾರೆ. ನೀವು ಬರೆದರೆ ಅವರು ಮಣಿಯನ್ನು ಮಾಡಿರುವುದೇ ಇಲ್ಲ, ನನ್ನ ತಂಗಿಯ ಕೈಗೆ ಕತ್ತಿ ತಾಗುವುದಿಲ್ಲ. ಆಗ ನಾನು ಈ ಕಾಗದ ಬರೆದೇ ಇರುವುದಿಲ್ಲ, ನಿಮಗೂ ನನಗೂ ಪರಿಚಯವೇ ಆಗಿರುವುದಿಲ್ಲ. ಪರಿಚಯ ಆಗದಿದ್ದರೂ ಪರವಾಗಿಲ್ಲ.