ಎಂಟನೇ ದಿನದ ಗಂಜಿ

ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಸೊಸೆಗೆ,

ನಾನು ಕ್ಷೇಮ. ನೀನು ಕ್ಷೇಮವಾಗಿಲ್ಲ ಎಂದು ಗೊತ್ತಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ನನ್ನ ನಾಲಿಗೆ ಹೊರಳಿ ಬೇರೆ ಕಥೆ ಕಟ್ಟುತ್ತದೆ.

ನೀನು ನಿಮ್ಮಕ್ಕನ ಮನೆಗೆ ಹೋಗಿ ಇವತ್ತಿಗೆ ಹನ್ನೆರಡು ದಿನ. ನಿನ್ನೆ ಊಟಕ್ಕೆ ಕೂತ ನನ್ನ ಮಗ, ಅವಳು ಈಗ ಬ್ರೆಡ್ಡು ತಿಂತಿದ್ದಾಳಂತೆ, ರಿಪೋರ್ಟಲ್ಲಿ ಏನೂ ಇಲ್ಲ ಅಂದ್ಮೇಲೆ ತಿನ್ನೋಕೇನು ಅಂದಳಂತೆ, ಆದ್ರೂ ಹೊಟ್ಟೆ ಹಿಡ್ಕೊಂಡು ಮಲಗಿದ್ದಾಳಂತೆ, ಈ ನಾಟಕ ಮುಗಿಯೋದು ಯಾವಾಗಮ್ಮ ಎಂದ. ನಾನು ತಟ್ಟೆ ಅಲ್ಲೇ ಬಿಟ್ಟು ಎದ್ದೆ.

ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಇಪ್ಪತ್ತೆಂಟು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳನ್ನು ತಿರುಗಿಸಿ ಮುರುಗಿಸಿ ತಪ್ಪು ಹುಡುಕಿದವಳು. ಅಲ್ಲಿ ನನ್ನನ್ನು ದುರ್ಬೀನು ಎಂದೇ ಕರೆಯುತ್ತಿದ್ದರು. ಗೋಧಿ ತಿಂದರೆ ಕರುಳು ಕೆಡುವ ಸೀಲಿಯಾಕ್ ಎಂಬ ಕಾಯಿಲೆ ಇರಬಹುದು ಎಂದು ನೀನು ಹೇಳಿದಾಗ ನಾನು ನಂಬಲಿಲ್ಲ. ನಿನಗೇ ಬೇರೆ ಬಾಣಲೆ, ಬೇರೆ ಸೌಟು, ಸೌಟಿಗೊಂದು ಕೆಂಪು ದಾರ. ಹಿಟ್ಟಿನ ಕೈಯಲ್ಲಿ ನಾನು ಮುಟ್ಟಿದರೆ ನೀನು ಅದನ್ನು ಮತ್ತೆ ತೊಳೆಯುತ್ತಿದ್ದೆ. ಅತ್ತೆಯ ಕೈಯಡುಗೆ ತಪ್ಪಿಸಿಕೊಳ್ಳಲು ಒಳ್ಳೇ ದಾರಿ ಹುಡುಕಿದ್ದಾಳೆ ಎಂದುಕೊಂಡೆ. ಮೊದಲ ರಕ್ತಪರೀಕ್ಷೆಯಲ್ಲಿ ಏನೂ ಸಿಗದಿದ್ದಾಗ ಒಳಗೊಳಗೇ ಹಿಗ್ಗಿದೆ.

ಗೋಧಿ ಬಿಟ್ಟು ನಾಲ್ಕು ತಿಂಗಳಾಗಿದೆ, ಹಾಗಾಗಿ ರಕ್ತದಲ್ಲಿ ಗುರುತು ಸಿಗದೇ ಹೋಗಿರಬಹುದು, ಆರು ವಾರ ದಿನಾ ಗೋಧಿ ತಿಂದು ಬನ್ನಿ ಎಂದರು ಡಾಕ್ಟರಮ್ಮ. ಕನ್ನಡಕದಂಗಡಿ ಕೆಲಸಕ್ಕೆ ಹೋಗುವ ಮುಂಚೆ ಒಂದು ಬಟ್ಟಲು, ಬಂದ ಮೇಲೆ ಒಂದು ಬಟ್ಟಲು ಗೋಧಿನುಚ್ಚಿನ ಗಂಜಿ ಎಂದಾಯಿತು. ಕುದಿಸಿಕೊಡುವ ಕೆಲಸ ನನ್ನದು. ನಿಜವಾಗಿ ಕುಡಿಯುತ್ತೀಯೋ, ಮೋರಿಗೆ ಸುರಿಯುತ್ತೀಯೋ ಎಂದು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಕುಡಿಯುತ್ತಿದ್ದೆ ನೀನು. ಒಂದೇ ವಾರದಲ್ಲಿ ಬಾಯ್ತುಂಬ ಹುಣ್ಣು, ಕೆನ್ನೆ ಒಳಗೆ ಹೋಯಿತು, ಬಚ್ಚಲಿಗೂ ಹಾಸಿಗೆಗೂ ನಡೆದೇ ಸುಸ್ತಾದೆ.

ಎಂಟನೇ ದಿನದಿಂದ ನಾನು ನಿನಗೆ ಗೋಧಿ ಕೊಡಲಿಲ್ಲ. ಅಕ್ಕಿನುಚ್ಚನ್ನು ಕೆಂಪಗೆ ಹುರಿದು, ಹಾಲು ಬೆಲ್ಲ ಹಾಕಿ ಕೊಟ್ಟೆ. ಇವತ್ತು ಗಂಜಿ ಚೆನ್ನಾಗಿದೆ ಅತ್ತೆ ಅಂತ ನೀನೇ ಅಂದೆ. ಪಾಪ ಅನ್ನಿಸಿ ಹಾಗೆ ಮಾಡಿದೆ. ಪರೀಕ್ಷೆ ಕೆಡುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಹತ್ತು ದಿನದಲ್ಲಿ ಹುಣ್ಣು ಮಾಯಿತು. ಮೆಟ್ಟಿಲು ಹತ್ತುವಾಗ ಏನೋ ಗುನುಗಿಕೊಳ್ಳುತ್ತಿದ್ದೆ. ಆರು ವಾರ ಕಳೆದು ಮಾಡಿಸಿದ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಗೋಧಿ ತಿಂದೂ ಗುಂಡುಕಲ್ಲಿನ ಹಾಗಿದ್ದೀಯ, ಕಾಯಿಲೆ ಇರೋದು ಹೊಟ್ಟೇಲಲ್ಲ, ನಿನ್ನ ತಲೇಲಿ ಅಂತ ನನ್ನ ಮಗ ಅಂದಾಗ ನೀನು ನನ್ನ ಮುಖ ನೋಡಿದೆ. ನಾನು ತಲೆ ಎತ್ತದೆ ಪಾತ್ರೆ ತಿಕ್ಕುತ್ತಿದ್ದೆ.

ಈ ಪತ್ರವನ್ನು ಕೂಡಲೇ ಡಾಕ್ಟರಮ್ಮನಿಗೆ ತೋರಿಸು. ಐದು ವಾರ ಹೊಟ್ಟೆಗೆ ಗೋಧಿಯೇ ಹೋಗಿಲ್ಲ, ಆ ರಿಪೋರ್ಟನ್ನು ನಂಬುವಂತಿಲ್ಲ ಎಂದು ಹೇಳು. ಬ್ರೆಡ್ಡು ತಿನ್ನಬೇಕೋ ಬಿಡಬೇಕೋ ಅವರೇ ಹೇಳಲಿ. ಮಗ ಮಧ್ಯಾಹ್ನ ಊಟಕ್ಕೆ ಬಂದಾಗ ಅವನಿಗೂ ಹೇಳುತ್ತೇನೆ. ನೀನು ಸುಳ್ಳು ಹೇಳಲಿಲ್ಲ ಮಗಳೇ. ನಿನ್ನ ತಲೆ ನೆಟ್ಟಗಿದೆ.

ಇತಿ,
ಮುಖ ತೋರಿಸಲು ನಾಚುವ
ನಿನ್ನ ಅತ್ತೆ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಪಾಪ ಅನ್ನಿಸಿ ಎಂದು ಬರೆದದ್ದು ಸುಳ್ಳು. ನಿನ್ನನ್ನು ಹಿಡಿಯಬೇಕೆಂದೇ ಗಂಜಿ ಬದಲಿಸಿದ್ದು. ಅಕ್ಕಿ ತಿಂದೂ ಹೊಟ್ಟೆನೋವು ಎಂದು ನರಳಿದರೆ ಮಗನನ್ನು ಕರೆದು ತೋರಿಸುವವಳಿದ್ದೆ. ನೀನು ನರಳಲಿಲ್ಲ, ಗುಣವಾದೆ. ನಿನ್ನ ಕಾಯಿಲೆ ನಿಜ ಎಂದು ಈ ಮನೆಯಲ್ಲಿ ಮೊದಲು ಗೊತ್ತಾದದ್ದು ನನಗೆ. ಗೊತ್ತಾದ ಮೇಲೂ ಅಕ್ಕಿಯನ್ನೇ ಕುದಿಸಿದೆ. ಗೋಧಿ ಹಾಕಿದ್ದರೆ ನೀನು ಗೆದ್ದುಬಿಡುತ್ತಿದ್ದೆ.