ಸಕ್ಕರೆ ನಿಲ್ಲಿಸಿದ್ದೇನೆ

ಯಜ್ದ್,
ಆಬಾನ್ ತಿಂಗಳು, ಮಂಗಳವಾರ, ಸಂಜೆ

ಪ್ರೀತಿಯ ಫರಂಗೀಸ್,

ಹೇಗಿದ್ದೀಯ ಮಗಳೇ? ಶಿರಾಜಿನಲ್ಲಿ ಚಳಿ ಶುರುವಾಯಿತೇ? ಹಾಸ್ಟೆಲಿನಲ್ಲಿ ಬೆಳಗ್ಗೆ ಬರೀ ಚೀಸು, ಸೌತೆಕಾಯಿ ಕೊಟ್ಟು ಕ್ಲಾಸಿಗೆ ಅಟ್ಟುತ್ತಾರೆ ಎಂದು ಬರೆದಿದ್ದೆ. ಎರಡೂ ಶೀತ. ಜೊತೆಗೆ ಒಂದಿಷ್ಟು ಅಕ್ರೋಟು ತಿನ್ನು, ಇಲ್ಲದಿದ್ದರೆ ಹೊಟ್ಟೆ ಕೈಕೊಡುತ್ತದೆ. ಒದ್ದೆ ತಲೆಯಲ್ಲಿ ಹೊರಗೆ ಓಡಾಡಬೇಡ. ಮೀನು ತಿಂದ ದಿನ ಮೊಸರು ಮುಟ್ಟಬೇಡ. ಹೊತ್ತಿಗೆ ಸರಿಯಾಗಿ ಮಲಗು. ಇದನ್ನೆಲ್ಲ ಓದಿ ನೀನು ಗೆಳತಿಯರ ಜೊತೆ ಕಿಸಕಿಸ ನಗುವುದು ನನಗೆ ಇಲ್ಲಿಂದಲೇ ಕೇಳಿಸುತ್ತದೆ. ನಗು, ನಗು. ನೀನು ನರ್ಸಿನ ಬಿಳಿ ಟೋಪಿ ಹಾಕಿ ಇನ್ನೂ ಒಂದು ವರ್ಷ ತುಂಬಿಲ್ಲ. ನಾನು ಈ ಮನೆಗೆ ಬಂದಾಗಿನಿಂದ ಯಾರೂ ಡಾಕ್ಟರ ಮೆಟ್ಟಿಲು ತುಳಿಯದಂತೆ ನೋಡಿಕೊಂಡವಳು.

ನಿನ್ನ ಕಾಗದ ತಲುಪಿತು. ಓದಿದಾಗ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಅಪ್ಪನಿಗೆ ಸಕ್ಕರೆ ಕಾಯಿಲೆ ಇರಬಹುದು, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸು, ತಡಮಾಡಿದರೆ ಜೀವಕ್ಕೇ ಅಪಾಯ, ಅಲ್ಲಿಯವರೆಗೆ ಸಕ್ಕರೆಯನ್ನು ಪೂರ್ತಿ ನಿಲ್ಲಿಸು ಎಂದು ಅಡಿಗೆರೆ ಎಳೆದು ಬರೆದಿದ್ದೀಯ. ನನ್ನ ಹಿಂದಿನ ಕಾಗದ ಓದಿ, ಅಷ್ಟು ದೂರ ಕುಳಿತು ಕಾಯಿಲೆಗೆ ಹೆಸರಿಟ್ಟುಬಿಟ್ಟೆಯಲ್ಲ! ಆ ಕಾಯಿಲೆ ಬರುವುದು ಹೊಟ್ಟೆ ಬಂದ ಸಾಹುಕಾರರಿಗೆ ಕಣೇ, ದಿನವಿಡೀ ಸೈಕಲ್ ರಿಪೇರಿ ಮಾಡಿ ಗ್ರೀಸು ಮೆತ್ತಿಕೊಳ್ಳುವ ನಿನ್ನ ಅಪ್ಪನಿಗಲ್ಲ. ಅಪ್ಪನಿಗೂ ಓದಿ ಹೇಳಿದೆ. "ನನ್ ಮಗಳು ನನ್ನನ್ನೇ ಮೊದಲ್ನೇ ರೋಗಿ ಮಾಡ್ಕೊಂಡ್ಲಲ್ಲೇ ತೂಬಾ! ಫೀಸು ಎಷ್ಟಂತೆ ಕೇಳು" ಎಂದು ನಕ್ಕರು. ಆಮೇಲೆ ಕಾಗದವನ್ನು ಈಸಿಕೊಂಡು ಕಣ್ಣ ಹತ್ತಿರ ಹಿಡಿದರು, ದೂರ ಹಿಡಿದರು, ಅಕ್ಷರ ಸರಿಯಾಗಿ ಕಾಣಲಿಲ್ಲ. ಆದರೂ ನಿನ್ನ ಕೈಬರಹದ ಮೇಲೆ ಬೆರಳಾಡಿಸುತ್ತಾ ಸ್ವಲ್ಪ ಹೊತ್ತು ಕುಳಿತಿದ್ದರು.

ಆದರೆ ನಿನ್ನ ಮಾತನ್ನು ತಳ್ಳಿಹಾಕಿಲ್ಲ. ಸಕ್ಕರೆ ನಿಲ್ಲಿಸಿದ್ದೇನೆ. ಸಕ್ಕರೆ ಉಂಡೆಯ ಡಬ್ಬಿಯನ್ನು ಅಟ್ಟದ ಮೇಲಿಟ್ಟಿದ್ದೇನೆ. ಚಹಾ ಜೊತೆ ಒಂದು ಚೂರನ್ನೂ ಹಲ್ಲಿನಲ್ಲಿ ಕಚ್ಚಿಕೊಳ್ಳಲು ಬಿಟ್ಟಿಲ್ಲ. ಪಕ್ಕದ ಮನೆಯ ಬದ್ರಿ ತನ್ನ ಮಗನ ನಿಶ್ಚಿತಾರ್ಥದ ಬಕ್ಲಾವಾ ಸಿಹಿ ತಂದುಕೊಟ್ಟರೆ ತಟ್ಟೆಯನ್ನು ಹಾಗೇ ಮುಚ್ಚಿ ವಾಪಸು ಕಳಿಸಿದೆ. ಅವಳು ಮೂತಿ ತಿರುವಿಕೊಂಡಿದ್ದಾಳೆ, ಇರಲಿ. ಅಪ್ಪನ ಚಹಾಕ್ಕೆ ಈಗ ಬರೀ ನಬಾತ್. ನಬಾತ್ ಕೂಡ ಸಕ್ಕರೆಯೇ ಅಲ್ಲವೇ ಎಂದು ಅಲ್ಲಿನ ಹುಡುಗಿಯರು ಯಾರಾದರೂ ನಿನಗೆ ಹೇಳಿಕೊಟ್ಟಾರು, ನಂಬಬೇಡ. ಸಕ್ಕರೆ ಶೀತ. ಅದರ ಪಾಕಕ್ಕೆ ಕೇಸರಿ ಹಾಕಿ, ದಾರ ಇಳಿಬಿಟ್ಟು, ಕಲ್ಲುಗಟ್ಟಲು ಬಿಟ್ಟರೆ ಅದರ ಗುಣವೇ ಬೇರೆಯಾಗುತ್ತದೆ, ಉಷ್ಣವಾಗುತ್ತದೆ. ನೀನು ಹುಟ್ಟಿದ ದಿನ ನಿನ್ನ ನಾಲಿಗೆಗೆ ಮೊದಲು ತಾಗಿದ್ದೇ ನಬಾತ್ ನೀರು. ಹೊಟ್ಟೆ ನೋವು ಎಂದಾಗ, ಪರೀಕ್ಷೆಯ ಹಿಂದಿನ ದಿನ ಕೈಕಾಲು ನಡುಗಿದಾಗ ಅದನ್ನೇ ಕುಡಿಸಿ ನಿನ್ನನ್ನು ಎಬ್ಬಿಸಿ ನಿಲ್ಲಿಸಿಲ್ಲವೇ?

ಅಪ್ಪನಿಗೆ ಆಗಿರುವುದು ಬರೀ ಶೀತ. ಬೇಸಿಗೆಯಲ್ಲಿ ಅಂಗಡಿಯಿಂದ ಬಂದವರೇ ಕಲ್ಲಂಗಡಿ ಹಣ್ಣಿನ ಮುಂದೆ ಕೂರುತ್ತಿದ್ದರಲ್ಲ, ಅದರ ಫಲ. ಗ್ರಂಥಿಗೆ ಅಂಗಡಿಯ ಹಬೀಬ್ ನಾಡಿ ಹಿಡಿದ ಕೂಡಲೇ ಹೇಳಿದ: "ಅಕ್ಕಾ, ಇವ್ರ ಮೈಯೆಲ್ಲಾ ತಣ್ಣಗಾಗ್ಬಿಟ್ಟಿದೆ, ಒಲೆ ಆರಿದ ಹಾಗೆ. ಉಷ್ಣ ಹತ್ಸಿ." ಅಂದಿನಿಂದ ದಿನಚರಿಯನ್ನೇ ಬದಲಾಯಿಸಿದ್ದೇನೆ. ಬೆಳಗಿನ ನಮಾಜ್ ಮುಗಿಸಿ ಇಬ್ಬರೂ ಗಾಳಿ ಹಿಡಿಯುವ ಗೋಪುರಗಳ ಬೀದಿಯವರೆಗೆ ನಡೆದು ಬರುತ್ತೇವೆ. ಬಂದ ಮೇಲೆ ಖರ್ಜೂರ, ಎಳ್ಳಿನ ಅರೆಪು, ದೊಡ್ಡ ಲೋಟದ ತುಂಬ ನಬಾತ್ ನೀರು. ಮಧ್ಯಾಹ್ನ ಊಟವಾದ ಮೇಲೆ ನಿದ್ದೆ. ಸಂಜೆ ಕಣ್ಣಿಗೆ ಒಳ್ಳೆಯದೆಂದು ಗಜ್ಜರಿ ರಸ. ಮಲಗುವ ಮುಂಚೆ ಮತ್ತೆ ನಬಾತ್ ನೀರು. ಕೆಟ್ಟ ಕಣ್ಣು ಬೀಳದಿರಲಿ ಎಂದು ಇಸ್ಪಂದ್ ಬೀಜದ ಹೊಗೆಯನ್ನೂ ತಲೆಯ ಸುತ್ತ ಇಳಿತೆಗೆಯುತ್ತೇನೆ.

ಇದರಿಂದ ಗುಣ ಕಂಡಿಲ್ಲ ಎನ್ನಬೇಡ. ನೀರನ್ನೇ ಕುಡಿಯದ ಮನುಷ್ಯ ಈಗ ಹೂಜಿಗೆ ಬಾಯಿ ಇಟ್ಟರೆ ತೆಗೆಯುವುದಿಲ್ಲ. "ಒಂಟೆ ಮಾಡ್ಬಿಟ್ಟೆಯಲ್ಲೇ ನನ್ನ, ಇನ್ನು ಬೆನ್ನ ಮೇಲೆ ಡುಬ್ಬ ಬರೋದೊಂದೇ ಬಾಕಿ" ಎನ್ನುತ್ತಾರೆ. ಒಳಗಿನ ಕಸವೆಲ್ಲ ತೊಳೆದು ಹೋಗುತ್ತಿರಬೇಕು, ಮತ್ತೆ ಮತ್ತೆ ಎದ್ದು ಪಾಯಿಖಾನೆಗೆ ಹೋಗುತ್ತಾರೆ. ಅಲ್ಲಿ ಈ ವರ್ಷ ಯಾಕೋ ವಿಪರೀತ ಇರುವೆ. ಬಿಸಿನೀರು ಸುರಿದೆ, ಬೂದಿ ಹಾಕಿದೆ, ಸಾಲುಗಟ್ಟಿ ಬರುವುದು ನಿಂತಿಲ್ಲ. ಮೈಯಂತೂ ಎಷ್ಟು ಹಗುರಾಗಿದೆ ಎಂದರೆ ಮದುವೆಯ ಕೋಟು ಸಡಿಲವಾಗಿ ನೇತಾಡುತ್ತದೆ. ಬದ್ರಿ ಮೊನ್ನೆ ಗೋಡೆಯಾಚೆಯಿಂದ, "ತೂಬಕ್ಕಾ, ಯಜಮಾನ್ರು ಮದುಮಗನ ಹಾಗೆ ಸಣ್ಣಗಾಗಿದ್ದಾರಲ್ರೀ, ಹುಷಾರು, ಇನ್ನೊಂದ್ ಹೆಣ್ಣು ನೋಡ್ಕೊಂಡಾರು!" ಎಂದು ಕಾಲೆಳೆದಳು. ನಾನೂ ನಕ್ಕೆ. ಮಧ್ಯಾಹ್ನ ಅವರು ಅಂಗಿ ಬಿಚ್ಚಿ ನನ್ನ ಕಡೆ ಬೆನ್ನು ಹಾಕಿ ನಿಂತರು. ಪಕ್ಕೆಲುಬು ಒಂದೊಂದಾಗಿ ಕಾಣಿಸಿತು. ಆಗ ನಗು ಬರಲಿಲ್ಲ. ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತಿಕ್ಕುತ್ತಾ ಕುಳಿತೆ.

ಅಂಗಡಿಯನ್ನು ಮುಚ್ಚಿ ಸ್ವಲ್ಪ ದಿನವಾಯಿತು. ಅಪ್ಪನಿಗೆ ಚಕ್ರದ ಕಡ್ಡಿಗಳು ಒಂದರೊಳಗೊಂದು ಕಲಸಿದಂತೆ ಕಾಣುತ್ತವೆಯಂತೆ. ಪೆಡಲ್ ತಗುಲಿ ಹಿಮ್ಮಡಿಗೆ ಆಗಿದ್ದ ಗಾಯ ಇನ್ನೂ ಹಸಿಯಾಗಿದೆ. ಅರಿಶಿನ ಹಚ್ಚಿದ್ದೇನೆ. ನೀನು ಹೇಳಿದ ರಕ್ತ ಪರೀಕ್ಷೆಯ ವಿಷಯ ಎತ್ತಿದರೆ, "ಇರೋ ನಾಲ್ಕ್ ಹನಿ ರಕ್ತಾನೂ ಅವ್ರಿಗ್ ಕೊಟ್ಟು ಬರ್ಬೇಕಾ?" ಎನ್ನುತ್ತಾರೆ. ನಾನೂ ಒತ್ತಾಯ ಮಾಡಲಿಲ್ಲ. ಆಸ್ಪತ್ರೆಯವರು ಏನಾದರೊಂದು ಹೆಸರು ಹೇಳಿಯೇ ಕಳಿಸುತ್ತಾರೆ, ಆ ಹೆಸರು ಕೇಳಿ ಮನುಷ್ಯ ಅರ್ಧ ಕುಗ್ಗಿಹೋಗುತ್ತಾನೆ. ಈ ವಾರ ಕಳೆಯಲಿ, ಚಳಿ ಇನ್ನಷ್ಟು ಏರುವ ಮುಂಚೆ ಮೈಗೆ ಉಷ್ಣ ಹತ್ತಿದರೆ ತಾನಾಗಿಯೇ ಸರಿಹೋಗುತ್ತದೆ.

ನಿನ್ನೆ ಮಾತ್ರ ಸ್ವಲ್ಪ ಕಷ್ಟವಾಯಿತು. ಹೊಟ್ಟೆ ನೋವು ಎಂದು ಮುದುರಿಕೊಂಡರು, ತಿಂದದ್ದೆಲ್ಲ ವಾಂತಿಯಾಯಿತು. ನಾನು ಬಜಾರಿಗೆ ಹೋದಾಗ ಕದ್ದು ಮೊಸರು ತಿಂದಿರಬೇಕು ಎಂದು ಬೈದೆ. "ಮೊಸರಿನ ಪಾತ್ರೆ ಎಲ್ಲಿದೆ ಅಂತ್ಲೂ ನಂಗೊತ್ತಿಲ್ವೇ" ಎಂದರು, ಮಗುವಿನ ಹಾಗೆ. ನನಗೆ ಪಾಪ ಎನಿಸಿತು. ಗಟ್ಟಿಯಾಗಿ ನಬಾತ್ ಕದಡಿ ಕೊಟ್ಟೆ, ಗಟಗಟ ಕುಡಿದರು, ಇನ್ನೂ ಬೇಕು ಎಂದರು, ಕೊಟ್ಟೆ. ಇವತ್ತು ಬೆಳಗ್ಗೆ ನಡೆಯಲು ಬರಲಿಲ್ಲ. ಮಧ್ಯಾಹ್ನದಿಂದ ಸದ್ದಿಲ್ಲದೆ ಮಲಗಿದ್ದಾರೆ. ಇಂಥ ಗಾಢ ನಿದ್ದೆ ಬಂದು ಎಷ್ಟು ಕಾಲವಾಗಿತ್ತೋ. ಮೈ ಚೇತರಿಸಿಕೊಳ್ಳುವುದು ನಿದ್ದೆಯಲ್ಲೇ ಅಲ್ಲವೇ? ನಿನ್ನ ಪುಸ್ತಕದಲ್ಲಿಯೂ ಹಾಗೇ ಇರಬೇಕು.

ಶಿರಾಜಿನ ಬಸ್ಸಿನ ಡ್ರೈವರು ಕತ್ತಲಾಗುವ ಹೊತ್ತಿಗೆ ಬಂದು ಕಾಗದ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಅವನ ಕೈಯಲ್ಲಿ ಕಳಿಸುವ ಗಂಟಿನಲ್ಲಿ ಅಕ್ರೋಟು, ಉಣ್ಣೆಯ ಕಾಲುಚೀಲ ಇವೆ. ಊರಿಗೆ ಹೊರಟಾಗ ಮಾಡುವಂತೆ ನಿನ್ನನ್ನು ಮನಸ್ಸಿನಲ್ಲೇ ಖುರಾನಿನ ಕೆಳಗೆ ದಾಟಿಸಿ ಹಣೆಗೆ ಮುತ್ತಿಡುತ್ತಿದ್ದೇನೆ. ಓದು ಚೆನ್ನಾಗಿ ಸಾಗಲಿ, ನಿನ್ನ ಕೈಯಿಂದ ನಾಲ್ಕು ಜನರ ನೋವು ಇಳಿಯಲಿ.

ನಿನ್ನ ಅಮ್ಮ,
ತೂಬಾ

ತಾ.ಕ.: ಫರಂಗೀಸ್, ಕಾಗದ ಮಡಿಸಿಟ್ಟು ಅಪ್ಪನನ್ನು ನಮಾಜಿಗೆ ಎಬ್ಬಿಸಲು ಹೋದೆ. ಏಳಲಿಲ್ಲ. ಕರೆದೆ, ಭುಜ ಹಿಡಿದು ಅಲುಗಾಡಿಸಿದೆ, ಮುಖಕ್ಕೆ ನೀರು ಚಿಮುಕಿಸಿದೆ. ರೆಪ್ಪೆ ಸ್ವಲ್ಪ ಎತ್ತಿದರು, ನಾನು ಯಾರೆಂದು ತಿಳಿಯಲಿಲ್ಲ. ಮಲಗಿದಲ್ಲೇ ಏದುಸಿರು ಬಿಡುತ್ತಿದ್ದಾರೆ, ಎದೆ ಇಷ್ಟೆತ್ತರ ಏರಿ ಇಳಿಯುತ್ತಿದೆ. ಬಾಯಿಂದ ಕಳಿತ ಸೇಬಿನ ವಾಸನೆ ಬರುತ್ತಿದೆ. ಮನೆಯಲ್ಲಿ ಸೇಬೇ ಇಲ್ಲ ಕಣೇ. ಇದಕ್ಕೆ ನಿನ್ನ ಪುಸ್ತಕದಲ್ಲಿ ಏನಂತ ಬರೆದಿದೆ? ನನಗೆ ಬಹಳ ಭಯವಾಗುತ್ತಿದೆ. ಬದ್ರಿಯ ಗಂಡ ಕಾರು ತರಲು ಓಡಿದ್ದಾನೆ, ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇವೆ. ಈ ಬಸ್ಸು ಅಲ್ಲಿಂದ ವಾಪಸು ಬರುವಾಗ ನೀನು ಅದರಲ್ಲೇ ಹೊರಟು ಬಾ. ನಾನು ನಿನ್ನ ಮಾತು ಮೀರಿಲ್ಲ ಮಗಳೇ, ಸಕ್ಕರೆ ಒಂದು ಹರಳನ್ನೂ ಕೊಟ್ಟಿಲ್ಲ, ದೇವರಾಣೆ. ದಾರಿಗೆಂದು ಫ್ಲಾಸ್ಕಿನ ತುಂಬ ನಬಾತ್ ನೀರು ಮಾಡಿಕೊಂಡಿದ್ದೇನೆ, ಎಂದಿಗಿಂತ ಗಟ್ಟಿಯಾಗಿ. ಆಸ್ಪತ್ರೆ ಮುಟ್ಟುವವರೆಗೂ ಚಮಚದಲ್ಲಿ ಬಾಯಿಗೆ ಬಿಡುತ್ತಲೇ ಇರುತ್ತೇನೆ, ನೀನು ಹೆದರಬೇಡ.