ಮಾಲತೇಶ ಮತ್ತು ಸಂಗಡಿಗರು

ಕಮರಿಪೇಟೆ, ಹುಬ್ಬಳ್ಳಿ
24 ಏಪ್ರಿಲ್ 2005

ಪ್ರೀತಿಯ ಗನಿ,

ನಿನ್ನ ಕಾಗದ ರಮಜಾನ್ ಹೊತ್ತಿಗೆ ಬಂತು, ನಾನು ಉತ್ತರಕ್ಕೆ ಕೂತದ್ದು ಯುಗಾದಿ ಮುಗಿದ ಮೇಲೆ. ಅಂಗಡಿಯಲ್ಲಿ ಕೆಲಸ ಹೆಚ್ಚು ಎಂದು ನಿನಗೆ ಸುಳ್ಳು ಹೇಳಲಾರೆ. ನಾಲ್ಕು ಸಲ ಬರೆದು ಹರಿದೆ, ಇದು ಐದನೆಯದು. "ಲಗ್ನಕ್ಕ ಮೊದಲ ನನಗ ಒಂದ ಪತ್ರಾ ಬರೀಲಿಲ್ಲ, ಗನಿಭಾಯಿಗೆ ಐದು ಬರದ್ರಿ" ಎಂದು ಸುಕನ್ಯಾ ಕಾಡುತ್ತಿದ್ದಾಳೆ.

ಹೋದ ವಾರ ಹಳೇ ಹುಬ್ಬಳ್ಳಿಗೆ ಹೋಗಿ ನಿನ್ನ ತಾಯಿಯನ್ನು ಕಂಡು ಬಂದೆ. ದಾವಲಬಿ ಚಾಚಿಯ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಮೊದಲಿನಷ್ಟೇ ಚುರುಕು. ನಿನ್ನ ಡ್ರಮ್ಸಿನ ಸೀಳಿದ ಸಿಂಬಲ್ ಈಗ ಅವರ ಜೋಳದ ಡಬ್ಬಿಗೆ ಮುಚ್ಚಳ. "ಅದು ಝಣ್ ಅಂದಾಗೊಮ್ಮೆ ಗನ್ಯಾ ಬಂದನೇನೋ ಅಂತ ಬಾಗಲಾ ನೋಡತೇನಿ" ಅಂದರು. ಆಮೇಲೆ, "ಅವ ಬಾರಸೂದು ಯಾಕ ಬಿಟ್ಟ, ನಿನಗರ ಹೇಳ್ಯಾನೇನು?" ಎಂದು ಕೇಳಿದರು. ರೈಲ್ವೆ ಡ್ಯೂಟಿ, ಪುರುಸೊತ್ತು ಸಿಗೂದಿಲ್ಲ ಚಾಚಿ, ಅಂದೆ. ಅವರು ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಈಗ ಮುಖ್ಯ ಸುದ್ದಿ. ಫೆಬ್ರವರಿಯಲ್ಲಿ ಉದಯಕುಮಾರ ಎಂಬ ಧಾರವಾಡದ ಕಾಲೇಜು ಉಪನ್ಯಾಸಕ ಅಂಗಡಿಗೆ ಬಂದ. ರಿಪೇರಿಗೆ ಸುಟ್ಟ ಮೋಟರ್ ತಂದಿರಬೇಕು ಅಂದುಕೊಂಡರೆ ಚೀಲದಿಂದ ನಮ್ಮ 'ಭೋಂಗಾ' ಕ್ಯಾಸೆಟ್ ತೆಗೆದ. ಗುಜರಿಯಲ್ಲಿ ಸಿಕ್ಕಿತಂತೆ.

"ಇಷ್ಟು ವರ್ಷ ಇದು ಎಲ್ಲಿತ್ರಿ?" ಅಂದ. "ಪ್ರೋಗ್ರೆಸಿವ್ ಮೆಟಲ್ ಅಂತ ನಮ್ಮ ಹುಡುಗರು ಹೊರದೇಶದ್ದೆಲ್ಲಾ ಹುಡಿಕ್ಯಾಡಿ ಕೇಳತಾರ. ಇಲ್ಲೇ ರೈಲ್ವೆ ವರ್ಕ್‌ಶಾಪಿನ ಗ್ವಾಡಿ ಮಗ್ಗಲ ಹುಟ್ಟಿದ್ದು ಯಾರಿಗೂ ಗೊತ್ತಿಲ್ಲ."

ಗೊತ್ತಾಗುವುದು ಹೇಗೆ, ಮುನ್ನೂರು ಕ್ಯಾಸೆಟ್ಟಿನಲ್ಲಿ ನಲವತ್ತೂ ಮಾರಿಹೋಗಲಿಲ್ಲವಲ್ಲ. ಕ್ಯಾಸೆಟ್ ಅಂಗಡಿಯವರು "ಇದರೊಳಗ ರೀಲು ಸುತಗೊಂಡೈತ್ರಿ" ಎಂದು ಮರಳಿಸಿದ್ದು ನೆನಪಿದೆಯೇ? ಅವರಿಗೆ ರೀಲು ಸಿಕ್ಕಿಕೊಂಡಂತೆ ಕೇಳಿಸಿದ್ದು ನೀನು ತಾಳವನ್ನು ಏಳರಿಂದ ಐದಕ್ಕೆ ಹೊರಳಿಸುವ ಜಾಗ.

ಉದಯ ಅಲ್ಲೇ ಟೇಪ್ ಹಚ್ಚಿದ. ಎಂಟು ವರ್ಷ ನಾನದನ್ನು ಕೇಳಿರಲಿಲ್ಲ. 'ಎರಡನೇ ಪಾಳಿ' ಹಾಡಿನಲ್ಲಿ ಹನ್ನೊಂದು ನಿಮಿಷ ನೀನು ಒಮ್ಮೆಯೂ ಸುಮ್ಮನೆ ಬಾರಿಸಿಲ್ಲ. ಲೇಥ್ ಮಷೀನು ಏಳು ಎಣಿಕೆಗೊಮ್ಮೆ ಉಸಿರು ಬಿಡುತ್ತದೆ ಎಂದು ನೀನು ಹೇಳಿದಾಗ ನಾನೂ ದುರ್ಗೇಶನೂ ನಕ್ಕಿದ್ದೆವು. ಕೊನೆಗೆ ಎಲ್ಲ ನಿಂತು ವರ್ಕ್‌ಶಾಪಿನ ಪಾಳಿ ಕರೆಯುವ ಭೋಂಗಾ ಒಂದೇ ಏಳುತ್ತದಲ್ಲ, ಅಲ್ಲಿ ನಿಮ್ಮ ಓಣಿಯ ನಾಯಿ ಬೊಗಳಿದ್ದು ಕೂಡ ಹಾಗೇ ಇದೆ. ಆ ಕೂಗು ಹಿಡಿಯಲು ಮೂರು ದಿನ ದುರ್ಗೇಶ ಬೇಸ್ ಗಿಟಾರ್ ಬದಿಗಿಟ್ಟು, ನಿಮ್ಮ ಮಾಳಿಗೆಯ ಮೇಲೆ ರೆಕಾರ್ಡರ್ ಹಿಡಿದು ಬಿಸಿಲಲ್ಲಿ ನಿಂತಿದ್ದ. ಇದನ್ನೆಲ್ಲ ಇನ್ನೊಮ್ಮೆ ಮಾಡಬೇಕೆನ್ನಿಸಿತು ಗನಿ. ಹಾಡಿಗಿಂತ ಹೆಚ್ಚಾಗಿ ನಾವು ಮೂವರು ಬೇಕೆನ್ನಿಸಿತು.

ರೆಕಾರ್ಡಿಂಗ್ ಮಾಡಿದ ಅಮೀನಸಾಬರೂ ನೆನಪಾದರು. ದಿನವಿಡೀ ಭಜನೆ ಕ್ಯಾಸೆಟ್ ಮಾಡುತ್ತಿದ್ದ ಆ ಹಿರಿಯರಿಗೆ ನಮ್ಮ ಗದ್ದಲ ಏನು ತಿಳಿದೀತು ಅಂದುಕೊಂಡಿದ್ದೆವು. ಮುಗಿದ ಮೇಲೆ ಹೆಡ್‌ಫೋನ್ ತೆಗೆದು, "ಮಾಲತೇಶ, ಗನಿ ಮುಂದ ನಡದಾನ, ನೀ ಅವನ ಬೆನ್ನ ಹತ್ತಿ ಹೊಂಟಿ" ಅಂದರು. ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಹಾಡು ಮುಗಿದಾಗ ಉದಯ ಕ್ಯಾಸೆಟ್ಟಿನ ಕಾರ್ಡು ಹೊರಳಿಸಿ ನೋಡಿ, "ಡ್ರಮ್ಸ್ ಯಾರ್ರಿ? ಹೆಸರ ಇಲ್ಲಲ್ಲ" ಅಂದ. ಅಲ್ಲಿರುವುದು ಒಂದೇ ಸಾಲು: ಮಾಲತೇಶ ಮತ್ತು ಸಂಗಡಿಗರು. ಅಂದು ನೀನು ಆ ಕಾರ್ಡು ನೋಡುತ್ತಿದ್ದಂತೆ, ಪ್ರೆಸ್ಸಿನವರು ಹೆಸರು ಬಿಟ್ಟುಬಿಟ್ಟಿದ್ದಾರೆ ಎಂದು ನಾನೇ ಮೊದಲು ಹೇಳಿದೆ. "ಇರ್ಲಿ ಬಿಡಪಾ, ಆವಾಜ್ ಐತಲ್ಲ" ಅಂದೆ ನೀನು. ಎರಡು ತಿಂಗಳಲ್ಲಿ ನೀನು ಗುಂತಕಲ್ಲಿಗೆ ವರ್ಗ ಕೇಳಿ ಪಡೆದು ಹೋದೆ. ಈ ಸಲ ನಾನು ಉದಯನಿಗೆ ಅಬ್ದುಲಗನಿ ಎಂದು ನಿನ್ನ ಹೆಸರು ಹೇಳಿದೆ. ಬರೆದುಕೊಂಡ.

ಅವನು 'ಭೋಂಗಾ'ವನ್ನು ಸಿಡಿಗೆ ಇಳಿಸುತ್ತಿದ್ದಾನೆ. ಜೂನಿನಲ್ಲಿ ಧಾರವಾಡದಲ್ಲಿ ಬಿಡುಗಡೆ, ಆ ದಿನ ನಾವು ಮೂವರೂ 'ಎರಡನೇ ಪಾಳಿ' ನುಡಿಸಬೇಕಂತೆ. ದುರ್ಗೇಶ ಆಗಲೇ ಬೇಸ್ ಗಿಟಾರಿಗೆ ತಂತಿ ಹಾಕಿಸಿದ್ದಾನೆ. ನಾನು ಸಂಜೆ ಅಂಗಡಿ ಮುಚ್ಚಿ ಗಿಟಾರ್ ಅಭ್ಯಾಸ ಮಾಡುತ್ತೇನೆ. ಏಳು ಎಣಿಸಿ ಎಣಿಸಿ ಎಡವುತ್ತೇನೆ. ನೀನಿಲ್ಲದೆ ಆ ತಾಳ ನನಗೆ ದಕ್ಕುವುದಿಲ್ಲ.

ಶಹಜಹಾನಬೇಗಂ ಭಾಭಿಗೆ ಸಲಾಂ, ಮಕ್ಕಳಿಗೆ ಪ್ರೀತಿ. ನಿಮ್ಮ ಮನೆಯಲ್ಲಿ ಸದಾ ನಗು ಇರಲಿ.

ನಿನ್ನ
ಮಾಲತೇಶ

ತಾ.ಕ.: ಪ್ರೆಸ್ಸಿನವರದೇನೂ ತಪ್ಪಿರಲಿಲ್ಲ ಗನಿ. ಅಚ್ಚಿಗೆ ಮೊದಲು ನನಗೆ ತೋರಿಸಿದ ಪ್ರೂಫಿನಲ್ಲಿ ಮೂವರ ಹೆಸರೂ ಇದ್ದವು. ಅಮೀನಸಾಬರ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು. ನಿನ್ನ ಹೆಸರನ್ನು ನಾನೇ ಹೊಡೆದೆ. ಒಂದನ್ನೇ ಹೊಡೆದರೆ ತಿಳಿದೀತೆಂದು ದುರ್ಗೇಶನದನ್ನೂ ಹೊಡೆದೆ. ಪ್ರೆಸ್ಸಿನ ಗುರುಶಿದ್ದಪ್ಪನವರು "ಹೆಸರ ತಗಿಯೂದು ಖರೇನ?" ಎಂದು ಎರಡು ಸಲ ಕೇಳಿದರು. ಎರಡು ಸಲವೂ ಹೂಂ ಅಂದೆ. ಆ ಹಳೆಯ ಪ್ರೂಫನ್ನು ಇದರೊಂದಿಗೆ ಇಟ್ಟಿದ್ದೇನೆ, ಅದರಲ್ಲಿನ ಕೆಂಪು ಗೆರೆ ನನ್ನದೇ. ಜೊತೆಗೆ ಸಿಡಿ ಕಾರ್ಡಿನ ಹೊಸ ಪ್ರೂಫೂ ಇದೆ. ನಿನ್ನ ಹೆಸರು ಮೊದಲು, ದುರ್ಗೇಶನದು ಆಮೇಲೆ, ನನ್ನದು ಕೊನೆಗೆ. ನೀನೇ ತಿದ್ದಿ ಕಳಿಸು. ಯಾರ ಹೆಸರು ಹೊಡೆದರೂ ನಾನು ಎರಡನೇ ಸಲ ಕೇಳುವುದಿಲ್ಲ.